ನೆರೆಯೂ ನೆರೆಯವನೂ

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ಸಾಂಗಲಿಯ ಜನ ಕೆಳಗಿನ ಹಿಪ್ಪರಗಿ, ಆಲಮಟ್ಟಿಗಳತ್ತ ಬೆರಳು ತೋರಿದರು. ನಮ್ಮ ದಡದವರು ಮೇಲಿನ ಕೊಯ್ನಾದತ್ತ. ಮರುವರ್ಷ ಮಹಾರಾಷ್ಟ್ರ ಸರ್ಕಾರವೇ ನೇಮಿಸಿದ್ದ ವಡನೇರೆ ಸಮಿತಿಯು ಈ ಎರಡು ಅಣೆಕಟ್ಟುಗಳನ್ನು ದೋಷಮುಕ್ತಗೊಳಿಸಿ, ಅತಿವೃಷ್ಟಿಯೊಡನೆ ತಮ್ಮದೇ ನದೀಪಾತ್ರದ ಒತ್ತುವರಿಯನ್ನೂ ಹೆಸರಿಸಿತು. ತಮ್ಮ ಅಂಗಳವನ್ನೇ ಮೊದಲು ನೋಡಿದ ಆ ಧೈರ್ಯ ಅಪರೂಪದ್ದು. ಅಂಥ ಪರಿಶೋಧನೆಗೆ ನಾವು ಸಿದ್ಧರೇ?

ಪರರ ಕಣ್ಣಿನ ಕಸಕ್ಕೆ ಮುನ್ನ ಸ್ವಂತ ಕಣ್ಣಿನ ತೊಲೆಯನ್ನು ಕುರಿತು ಪ್ರಭು ಯೇಸು ಎಚ್ಚರಿಸಿದುದು ಸಂತ ಮತ್ತಾಯರ ಶುಭಸಂದೇಶದ 7ನೆಯ ಅಧ್ಯಾಯದಲ್ಲಿದೆ. ಪ್ರಿಯ ವಾಚಕರೇ, ಬಲಿಪೂಜೆಯ ಆರಂಭದಲ್ಲಿ ನಾವು ಬಡಿದುಕೊಳ್ಳುವುದು ನಮ್ಮ ಎದೆಯನ್ನೇ, ಪಕ್ಕದವನದನ್ನಲ್ಲ. ಆದರೂ ಪಾಪನಿವೇದನೆಗೆ ಮೊಣಕಾಲೂರಿದೊಡನೆ ನೆರೆಯವನ ಬದುವಿನ ಜಗಳವೇ ಮೊದಲು ನಾಲಗೆಗೆ ಬರುತ್ತದೆ. ನಮ್ಮ ನೇಗಿಲು ಆ ಬದುವನ್ನು ಎಷ್ಟು ಕೊರೆದಿದೆಯೆಂಬುದನ್ನು ಮುಂದಿನ ಶನಿವಾರ ಗುರುಗಳಿಗೆ ಹೇಳಬಹುದು.