ಬಾಡಿಗೆ ಬಿಲ್ಡಿಂಗ್ ಕಟ್ಟೋ ಮುಂಚೆ ಈ ಎರಡು ಲೆಕ್ಕ ಹಾಕಿ

ಕೆ.ಆರ್. ಪುರ, ವೈಟ್‌ಫೀಲ್ಡ್ ಕಡೆ ಜಮೀನಿನ ದುಡ್ಡು ಕೈಗೆ ಬಂದ ರೈತರ ಮನೆಗಳಲ್ಲಿ ಮೊದಲು ಕೇಳೋ ಮಾತು, "ಬಾಡಿಗೆ ಮನೆ ಕಟ್ಟೋಣ, ತಿಂಗಳಾ ತಿಂಗಳಾ ದುಡ್ಡು ಬರುತ್ತೆ." 2023ರಲ್ಲಿ ವೈಟ್‌ಫೀಲ್ಡ್‌ಗೆ ಮೆಟ್ರೋ ಬಂದ ಮೇಲೆ ಈ ಆಸೆ ಸಹಜ. ಕಟ್ಟಬೇಡಿ ಅಂತ ಹೇಳ್ತಿಲ್ಲ. ಆದರೆ ಟೊಮೆಟೊ ನಾಟಿಗೆ ಮುಂಚೆ "ರೇಟು ಬಿದ್ರೆ ಏನು ಗತಿ?" ಅಂತ ಕೇಳುವ ನಾವು, ಬಾಡಿಗೆಗೂ ಅದನ್ನೇ ಕೇಳಬೇಕು.

ಒಂದು ಉದಾಹರಣೆ ನೋಡಿ. 10 ಮನೆ, ಒಂದಕ್ಕೆ ತಿಂಗಳಿಗೆ ₹12,000. ವರ್ಷಕ್ಕೆ ₹14.4 ಲಕ್ಷ. ಪ್ರತಿ ಮನೆ ವರ್ಷಕ್ಕೆ ಒಂದು ತಿಂಗಳು ಖಾಲಿ ಇರುತ್ತೆ ಅಂತಿಟ್ಟುಕೊಳ್ಳಿ, ₹13.2 ಲಕ್ಷ ಉಳಿಯಿತು. ತೆರಿಗೆ, ನೀರು, ರಿಪೇರಿ, ವಾಚ್‌ಮನ್ ಎಲ್ಲ ಸೇರಿ ಖರ್ಚು ₹3 ಲಕ್ಷ. ನಿವ್ವಳ ಆದಾಯ ₹10.2 ಲಕ್ಷ. ಸಾಲದ ಕಂತು ತಿಂಗಳಿಗೆ ₹70,000, ಅಂದರೆ ವರ್ಷಕ್ಕೆ ₹8.4 ಲಕ್ಷ.

ಲೆಕ್ಕ 1: ನಿವ್ವಳ ಆದಾಯವನ್ನು ಕಂತಿನಿಂದ ಭಾಗಿಸಿ. ಇಲ್ಲಿ 1.21. ಸಾಮಾನ್ಯವಾಗಿ 1.25ಕ್ಕಿಂತ ಮೇಲಿದ್ದರೆ ನೆಮ್ಮದಿ. ಬಡ್ಡಿ ಏರಿ ಕಂತು ₹77,000 ಆದರೆ ಇದೇ ಸಂಖ್ಯೆ 1.10ಕ್ಕೆ ಇಳಿಯುತ್ತೆ. ಇದು ಬರೀ ಭಯವಲ್ಲ: 2022ರ ಮೇನಿಂದ 2023ರ ಫೆಬ್ರವರಿ ಒಳಗೆ ರಿಸರ್ವ್ ಬ್ಯಾಂಕಿನ ರೆಪೊ ದರ ಶೇ. 4ರಿಂದ 6.5ಕ್ಕೆ ಏರಿತ್ತು.

ಲೆಕ್ಕ 2: ಖರ್ಚು, ಕಂತು ಕೂಡಿಸಿ ಪೂರ್ತಿ ಬಾಡಿಗೆಯಿಂದ ಭಾಗಿಸಿ. 11.4 ಭಾಗಿಸು 14.4, ಅಂದರೆ ಶೇ. 79. ಹತ್ತರಲ್ಲಿ ಎಂಟು ಮನೆ ವರ್ಷಪೂರ್ತಿ ತುಂಬಿರಲೇಬೇಕು. ಏಳೇ ತುಂಬಿದರೆ ₹1.3 ಲಕ್ಷ ಕೈಯಿಂದ ಹಾಕಬೇಕು.

2020ರಲ್ಲಿ ಐಟಿಯವರು ಊರಿಗೆ ಹೋದಾಗ ಈ ಭಾಗದ ಪೀಜಿಗಳು ಖಾಲಿಯಾದವು, ಕಂತು ನಿಲ್ಲಲಿಲ್ಲ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರಿನ ಖರ್ಚು ಏರಿತು. ಹಾಗಾಗಿ ಅರ್ಧ ಮನೆ ಆರು ತಿಂಗಳು ಖಾಲಿ, ನೀರಿಗೆ ದುಪ್ಪಟ್ಟು ಖರ್ಚು ಅಂತಲೂ ಒಮ್ಮೆ ಲೆಕ್ಕ ಹಾಕಿ.

ಇನ್ನು ಕೆಲವು ಎಚ್ಚರಿಕೆ. ಬಾಡಿಗೆದಾರರ ಅಡ್ವಾನ್ಸ್ ಆದಾಯವಲ್ಲ, ವಾಪಸ್ ಕೊಡಬೇಕಾದ ಸಾಲ. ಅದನ್ನು ಕಟ್ಟಡಕ್ಕೆ ಸುರಿಯಬೇಡಿ. ಖಾತಾ, ನಕ್ಷೆ ಮಂಜೂರಾತಿ ಮೊದಲೇ ಸರಿಮಾಡಿಕೊಳ್ಳಿ. ಆರು ತಿಂಗಳ ಕಂತು ಬೇರೆ ಖಾತೆಯಲ್ಲಿಡಿ. ಉಳಿದ ಜಮೀನನ್ನು ಮಾತ್ರ ಈ ಸಾಲಕ್ಕೆ ಅಡ ಇಡಬೇಡಿ. ಬಾಡಿಗೆ ಕೈಕೊಟ್ಟ ವರ್ಷ ಮನೆಗೆ ಅನ್ನ ಹಾಕೋದು ಅದೇ.