ಹೊಟ್ಟೆಯ ಬ್ಯಾಂಡ್: ಬಿಗಿದಷ್ಟೂ ಒಳ್ಳೆಯದೆಂಬುದು ನಿಜವೇ?

ತೂಕ ಇಳಿಸಲು ಹೊಟ್ಟೆಗೆ ಬ್ಯಾಂಡ್ ಹಾಕಿಸಿಕೊಂಡವರು ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಿನಲ್ಲಿ ಇದ್ದರೆ ಒಬ್ಬರೋ ಇಬ್ಬರೋ ಇರಬಹುದು. ಆಪರೇಷನ್ ಆಗಿರುವುದು ಪುಣೆಯಲ್ಲೋ, ಮುಂಬೈಯಲ್ಲೋ, ಬೆಂಗಳೂರಿನಲ್ಲೋ, ವಿದೇಶದಲ್ಲೋ. ಆದರೆ ಊಟ ಮಾಡುವುದು ಊರಲ್ಲಿ, ಬೀಗರು ನೆಂಟರು ತಾಟು ನೋಡುತ್ತ ಕೂತಿರುವ ಪಡಸಾಲೆಯಲ್ಲಿ. "ಇಷ್ಟ ಉಂಡ್ರ ಹೆಂಗ್ರಿ?" ಎಂದು ಒಬ್ಬರು ಕೇಳಿದರೆ, "ಆಪರೇಷನ್ ಮಾಡಿಸಿದ್ರೂ ಮೈ ಇಳೀಲಿಲ್ಲಲ್ಲ, ಇನ್ನಷ್ಟು ಟೈಟ್ ಮಾಡಿಸ್ಕೋರಿ" ಎಂದು ಇನ್ನೊಬ್ಬರು ಹೇಳುತ್ತಾರೆ. ಮೊದಲನೆಯ ಮಾತು ಪ್ರೀತಿಯದು, ನಕ್ಕು ಸುಮ್ಮನಾಗಬಹುದು. ಎರಡನೆಯದು ಅಪಾಯದ್ದು.

ಬ್ಯಾಂಡ್ ಎಂದರೆ ಜಠರದ ಮೇಲ್ತುದಿಗೆ, ಅನ್ನನಾಳ ಬಂದು ಸೇರುವ ಜಾಗದ ತುಸು ಕೆಳಗೆ ಸುತ್ತುವ ಸಿಲಿಕೋನ್ ಪಟ್ಟಿ. ಅದರ ಒಳಮೈಯಲ್ಲಿ ಸೈಕಲ್ಲಿನ ಟ್ಯೂಬಿನಂತೆ ಉಬ್ಬುವ ಪೊಳ್ಳು ಭಾಗವಿದೆ. ಅಲ್ಲಿಂದ ಒಂದು ಸಣ್ಣ ಕೊಳವೆ ಹೊಟ್ಟೆಯ ಚರ್ಮದಡಿ ಕೂರಿಸಿದ ಪೋರ್ಟ್ ಎಂಬ ಗುಂಡಿಗೆ ಬರುತ್ತದೆ. ಪೋರ್ಟಿಗೆ ಸೂಜಿ ಚುಚ್ಚಿ ಸಲೈನ್ ತುಂಬಿದರೆ ಬ್ಯಾಂಡ್ ಬಿಗಿಯುತ್ತದೆ, ಹೊರತೆಗೆದರೆ ಸಡಿಲುತ್ತದೆ. ಉಕ್ರೇನ್ ಮೂಲದ ಅಮೆರಿಕನ್ ಸರ್ಜನ್ ಲುಬೊಮಿರ್ ಕುಜ್ಮಾಕ್ 1986ರಲ್ಲಿ ಹೀಗೆ ಹಿಗ್ಗಿಸಿ ಕುಗ್ಗಿಸಬಲ್ಲ ಬ್ಯಾಂಡನ್ನು ಬಳಕೆಗೆ ತಂದರು. ಇಥಿಯೋಪಿಯಾದಲ್ಲಿ ಹುಟ್ಟಿ ಬೆಲ್ಜಿಯಂನಲ್ಲಿ ಸರ್ಜನ್ ಆದ ಮಿತಿಕು ಬೆಲಾಚೆವ್ 1993ರಲ್ಲಿ ಅದನ್ನು ದುರ್ಬೀನು ಶಸ್ತ್ರಚಿಕಿತ್ಸೆಯಿಂದ, ಸಣ್ಣ ತೂತುಗಳ ಮೂಲಕ ಕೂರಿಸಿದರು. ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿದ್ದು 2001ರಲ್ಲಿ. ಇದರ ಹೆಚ್ಚುಗಾರಿಕೆ ಒಂದೇ: ಆಪರೇಷನ್ ಮುಗಿದ ಮೇಲೂ ಬಿಗಿತವನ್ನು ಹೊಂದಿಸಬಹುದು. ಹೊಂದಿಸಲೇಬೇಕು ಕೂಡ. ಎಡವಟ್ಟುಗಳೆಲ್ಲ ಶುರುವಾಗುವುದು ಇಲ್ಲಿಂದಲೇ.

"ಟೈಟ್ ಮಾಡಿದಷ್ಟೂ ತೂಕ ಇಳೀತೈತಿ"

ಇಳಿಯುವುದಿಲ್ಲ. ಎಷ್ಟೋ ಸಲ ಏರುತ್ತದೆ.

ಬ್ಯಾಂಡ್ ಅತಿಯಾಗಿ ಬಿಗಿದಾಗ ಏನಾಗುತ್ತದೆಂದು ಹಂತ ಹಂತವಾಗಿ ನೋಡಿ. ಮೊದಲು ಜೋಳದ ರೊಟ್ಟಿ ಇಳಿಯುವುದು ನಿಲ್ಲುತ್ತದೆ. ನಾಲ್ಕು ತುತ್ತಿಗೇ ಎದೆಯ ನಡುವೆ ಒತ್ತಿದಂತಾಗಿ, ಬಾಯಲ್ಲಿ ಜೊಲ್ಲು ತುಂಬಿ, ತಿಂದದ್ದು ಹೊರಗೆ ಬರುತ್ತದೆ. ಆಮೇಲೆ ಚಪಾತಿ ಹೋಗುತ್ತದೆ, ಪಲ್ಯ ಹೋಗುತ್ತದೆ, ಮಡಕಿ ಕಾಳು ಹೋಗುತ್ತದೆ. ಮನುಷ್ಯ ಎಷ್ಟು ದಿನ ಹಸಿದಿರಲು ಸಾಧ್ಯ? ಸಲೀಸಾಗಿ ಇಳಿಯುವುದನ್ನು ಹುಡುಕುತ್ತಾನೆ. ಚಹಾದಲ್ಲಿ ಅದ್ದಿದ ಬಿಸ್ಕತ್ತು ಇಳಿಯುತ್ತದೆ. ಐಸ್ ಕ್ರೀಂ, ಶ್ರೀಖಂಡ, ಪಾಯಸ ಇಳಿಯುತ್ತವೆ. ಬಾಯಲ್ಲೇ ಕರಗುವ ಬೆಳಗಾವಿ ಕುಂದಾ ಯಾವ ಬ್ಯಾಂಡಿಗೂ ಸಿಗುವುದಿಲ್ಲ. ಹೊಟ್ಟೆ ತುಂಬಿಸುವ ನಾರು, ಪ್ರೋಟೀನ್ ಎಲ್ಲ ತಾಟಿನಿಂದ ಹೊರಬಿದ್ದು ಸಕ್ಕರೆ, ಕೊಬ್ಬು ಉಳಿಯುತ್ತವೆ. ಆಗ ತೂಕ ಇಳಿಯುವುದು ನಿಂತು ಮೇಲಕ್ಕೆ ಹೊರಡುತ್ತದೆ. ಮನೆಯವರು "ಬ್ಯಾಂಡ್ ಸಡಿಲಾಗೈತಿ" ಎನ್ನುತ್ತಾರೆ. ಮತ್ತೆ ಹೋಗಿ ಇನ್ನಷ್ಟು ಸಲೈನ್ ತುಂಬಿಸಿಕೊಂಡು ಬಂದರೆ ಸುಳಿಯಲ್ಲಿ ಇನ್ನೂ ಒಂದು ಸುತ್ತು ಕೆಳಗಿಳಿದಂತೆ. ಈ ಸ್ಥಿತಿಯಲ್ಲಿರುವವರಿಗೆ ಬೇಕಾದದ್ದು ಸಲೈನ್ ತೆಗೆಸುವುದು. ತೆಗೆಸಿದ ಮೇಲೆ ರೊಟ್ಟಿ ಕಾಳು ಮತ್ತೆ ತಾಟಿಗೆ ಬಂದು, ನಿಂತಿದ್ದ ತೂಕ ಇಳಿಯತೊಡಗುವುದನ್ನು ಬ್ಯಾಂಡ್ ನೋಡಿಕೊಳ್ಳುವ ವೈದ್ಯರು ಬಲ್ಲರು.

ಮೆಲ್ಬರ್ನಿನ ಸರ್ಜನ್ ಪಾಲ್ ಓಬ್ರಿಯನ್ ಮತ್ತು ಅವರ ಸಂಗಡಿಗರು ಇದನ್ನು ರೋಗಿಗಳಿಗೆ ತಿಳಿಸಲು ಮೂರು ಬಣ್ಣಗಳ ಪಟ್ಟಿ ಮಾಡಿದರು. ಹಳದಿ ವಲಯದಲ್ಲಿ ಉಂಡು ಎರಡು ತಾಸಿಗೆ ಮತ್ತೆ ಹಸಿವು, ದೊಡ್ಡ ತುತ್ತು ಸಲೀಸು, ಕೈ ಡಬ್ಬಿಗೆ ಹೋಗುತ್ತಿರುತ್ತದೆ. ಇಲ್ಲಿ ಸಲೈನ್ ಬೇಕು. ಹಸಿರಿನಲ್ಲಿ ಸಣ್ಣ ಬಟ್ಟಲಿನಷ್ಟು ಊಟ ಸಾಕೆನಿಸಿ, ಮುಂದಿನ ಊಟದ ಹೊತ್ತಿನವರೆಗೆ ಹಸಿವು ಕಾಡುವುದಿಲ್ಲ. ಇಲ್ಲಿ ಸೂಜಿ ಮುಟ್ಟಬಾರದು. ಕೆಂಪಿನಲ್ಲಿ ನುಂಗಲು ಕಷ್ಟ, ವಾಂತಿ, ಎದೆಯುರಿ, ಮಲಗಿದಾಗ ಕೆಮ್ಮು, ಮೇಲೆ ಹೇಳಿದ ಮೆತ್ತನೆಯ ಸಿಹಿಯ ಹುಡುಕಾಟ. ಇಲ್ಲಿ ಸಲೈನ್ ತೆಗೆಯಬೇಕು. ಗಮನಿಸಿ: ಹಳದಿಯವರ ತೂಕವೂ ಇಳಿಯುವುದಿಲ್ಲ, ಕೆಂಪಿನವರದೂ ಇಳಿಯುವುದಿಲ್ಲ. ತಕ್ಕಡಿಯ ಮುಳ್ಳು ಎರಡನ್ನೂ ಒಂದೇ ಎಂದು ತೋರಿಸುತ್ತದೆ, ಚಿಕಿತ್ಸೆ ಮಾತ್ರ ತದ್ವಿರುದ್ಧ. ಅದಕ್ಕೇ ಬರೀ ತೂಕ ನೋಡಿ ಬ್ಯಾಂಡ್ ಬಿಗಿಯುವವರನ್ನು ನಂಬಬೇಡಿ. ಎಷ್ಟು ಹೊತ್ತಿಗೆ ಹಸಿವಾಗುತ್ತದೆ, ಎಷ್ಟು ತಿಂದರೆ ಸಾಕೆನಿಸುತ್ತದೆ, ರೊಟ್ಟಿ ಇಳಿಯುತ್ತದೆಯೇ, ರಾತ್ರಿ ಕೆಮ್ಮು ಬರುತ್ತದೆಯೇ ಎಂದು ಕೇಳದೆ ಸೂಜಿ ಎತ್ತಿಕೊಳ್ಳುವ ವೈದ್ಯರಿಗೆ ನೀವೇ ಅದನ್ನೆಲ್ಲ ಹೇಳಿ.

"ಬ್ಯಾಂಡ್ ಊಟಾನ ಮ್ಯಾಲೇ ಹಿಡದ ಇಡತೈತಿ"

ಒಂದು ಕಾಲಕ್ಕೆ ವೈದ್ಯರೂ ಹಾಗೆಯೇ ತಿಳಿದಿದ್ದರು: ಬ್ಯಾಂಡಿನ ಮೇಲೆ ಸಣ್ಣ ಚೀಲವಾಗುತ್ತದೆ, ಅದು ತುಂಬಿದರೆ ಹೊಟ್ಟೆ ತುಂಬಿದಂತೆ, ಅಲ್ಲಿಂದ ಊಟ ನಿಧಾನವಾಗಿ ಸೋರಿ ಇಳಿಯುತ್ತದೆ ಎಂದು. ಮೆಲ್ಬರ್ನಿನಲ್ಲಿ ನಡೆದ ಅಧ್ಯಯನಗಳು ಬೇರೆಯೇ ತೋರಿಸಿದವು. ಬಿಗಿತ ಸರಿಯಾಗಿದ್ದರೆ ಪ್ರತಿ ತುತ್ತನ್ನೂ ಅನ್ನನಾಳ ಹಲವು ಸಲ ಹಿಂಡಿ ಬ್ಯಾಂಡಿನಾಚೆ ದಾಟಿಸುತ್ತದೆ. ಒಂದು ತುತ್ತಿಗೆ ಒಂದು ನಿಮಿಷವೂ ಹಿಡಿಯಬಹುದು. ಹೀಗೆ ದಾಟುವಾಗ ಜಠರದ ಮೇಲ್ತುದಿಯ ಗೋಡೆಗೆ ಬೀಳುವ ಒತ್ತಡವನ್ನು ಅಲ್ಲಿನ ನರಗಳು ಮಿದುಳಿಗೆ ತಿಳಿಸುತ್ತವೆ, ಸಾಕೆಂಬ ಭಾವ ಬರುತ್ತದೆ. ಊಟ ಮುಗಿಯುವ ಹೊತ್ತಿಗೆ ಬ್ಯಾಂಡಿನ ಮೇಲೆ ಏನೂ ಉಳಿದಿರಬಾರದು. ಉಳಿದರೆ ಮೇಲಿನ ಚೀಲ ಹಿಗ್ಗುತ್ತದೆ, ವರ್ಷಗಟ್ಟಲೆ ಹೀಗಾದರೆ ಅನ್ನನಾಳವೇ ಜೋತುಬೀಳುತ್ತದೆ.

ಆದ್ದರಿಂದ ಸಣ್ಣ ತುತ್ತು, ನುಣ್ಣಗೆ ಅಗಿತ, ತುತ್ತಿನ ನಡುವೆ ಬಿಡುವು ಎಂಬ ಮೂರು ಸೂಚನೆಗಳು ಶಿಸ್ತಿನ ಉಪದೇಶವಲ್ಲ. ಬ್ಯಾಂಡ್ ಕೆಲಸ ಮಾಡುವುದೇ ಹಾಗೆ. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮಾತಾಡುತ್ತ ಗಬಗಬ ನುಂಗಿದರೆ ಸರಿಯಾದ ಬಿಗಿತದಲ್ಲೂ ಸಿಕ್ಕಿಕೊಳ್ಳುತ್ತದೆ. ಆಗ ತಪ್ಪು ಬ್ಯಾಂಡಿನದಲ್ಲ. ಮೆತ್ತನೆ ಬ್ರೆಡ್ಡು, ಜಿಗುಟು ಅನ್ನ ಮುದ್ದೆಯಾಗಿ ನಿಲ್ಲುತ್ತವೆ, ಗರಿಗರಿ ಟೋಸ್ಟು ದಾಟುತ್ತದೆ ಎಂಬುದು ಬ್ಯಾಂಡ್ ಇರುವ ಬಹಳ ಜನರ ಅನುಭವ. ನಮ್ಮ ಕಡೆಯ ಉಪವಾಸದ ಸಾಬೂದಾಣಿ ಖಿಚಡಿಯೂ ಜಿಗುಟಿನ ಸಾಲಿಗೇ ಸೇರುತ್ತದೆ. ಸೋಮವಾರದ ಒಪ್ಪತ್ತಿನವರು ದಿನವಿಡೀ ಖಾಲಿ ಇದ್ದು ಸಂಜೆ ಒಮ್ಮೆಲೇ ಅದನ್ನು ತಿನ್ನದಿರುವುದು ಒಳ್ಳೆಯದು.

"ಅವಂಗ ಎಂಟು ಸಿಸಿ ಐತಿ, ನಿನಗ ನಾಕ ಯಾಕ?"

ಬ್ಯಾಂಡುಗಳ ಅಳತೆ ಒಂದೇ ಅಲ್ಲ. ಹಳೆಯ ಸಣ್ಣ ಬ್ಯಾಂಡಿಗೆ 4 ಎಂಎಲ್ (ಸಿಸಿ ಎಂದರೂ ಅದೇ) ತುಂಬಿದರೆ ಮುಗಿಯಿತು, ದೊಡ್ಡವು 10ರಿಂದ 14 ಎಂಎಲ್ ಹಿಡಿಯುತ್ತವೆ. ಒಂದೇ ಬ್ಯಾಂಡ್ ಇದ್ದರೂ ಒಳಗಿನ ಕೊಬ್ಬು, ಜಠರದ ಗೋಡೆಯ ದಪ್ಪ ಬೇರೆ ಬೇರೆ. ಇನ್ನೊಬ್ಬರ ಅಂಕಿಗೆ ನಿಮ್ಮ ಹೊಟ್ಟೆಯ ಜೊತೆ ಸಂಬಂಧವಿಲ್ಲ.

ನಿಮ್ಮದೇ ಅಂಕಿಯೂ ಸ್ಥಿರವಲ್ಲ. ತೂಕ ಇಳಿದಂತೆ ಬ್ಯಾಂಡಿನಡಿಯ ಕೊಬ್ಬು ಕರಗಿ ಅದು ತಾನಾಗಿ ಸಡಿಲವಾಗುತ್ತದೆ, ಮತ್ತೆ ತುಸು ಸಲೈನ್ ಬೇಕಾಗುತ್ತದೆ. ಇದು ಸೋರಿಕೆಯಲ್ಲ. ತುಂಬಿದ್ದಕ್ಕಿಂತ ಕಡಿಮೆ ಸಲೈನ್ ಹೊರಬಂದರೆ ಮಾತ್ರ ಸೋರಿಕೆಯ ಅನುಮಾನ. ದಿನದಲ್ಲೇ ಬದಲಾಗುವುದೂ ಉಂಟು: ಮುಂಜಾನೆ ಬಿಗಿ ಎನಿಸಿ ಮಧ್ಯಾಹ್ನಕ್ಕೆ ಸಲೀಸಾಗುತ್ತದೆ, ಮುಟ್ಟಿನ ದಿನಗಳಲ್ಲಿ ಬಿಗಿ ಎನ್ನುವ ಹೆಣ್ಣುಮಕ್ಕಳಿದ್ದಾರೆ. ಬೆಳಗಿನ ಉಪ್ಪಿಟ್ಟು ಇಳಿಯಲಿಲ್ಲವೆಂದು ಗಾಬರಿಯಾಗಬೇಕಿಲ್ಲ.

"ಒಮ್ಮೆ ಹಾಕಿಸಿದ್ರ ಮುಗೀತು"

ಮುಗಿಯುವುದಿಲ್ಲ, ಆಗ ಶುರುವಾಗುತ್ತದೆ. ಮೊದಲ ತುಂಬಿಕೆ ಸಾಮಾನ್ಯವಾಗಿ ಆಪರೇಷನ್ ಆದ ನಾಲ್ಕರಿಂದ ಆರು ವಾರಕ್ಕೆ. ಮೊದಲ ವರ್ಷ ಹಲವು ಸಲ ಹೋಗಬೇಕು, ಆಮೇಲೆ ಏನೂ ತೊಂದರೆ ಇಲ್ಲದಿದ್ದರೂ ವರ್ಷಕ್ಕೊಮ್ಮೆ, ಬ್ಯಾಂಡ್ ಇರುವಷ್ಟು ಕಾಲ. 2004ರಲ್ಲಿ ಪ್ರಕಟವಾದ ನ್ಯೂಯಾರ್ಕಿನ ಒಂದು ಅಧ್ಯಯನದಲ್ಲಿ, ಮೊದಲ ವರ್ಷ ಆರಕ್ಕಿಂತ ಹೆಚ್ಚು ಸಲ ವೈದ್ಯರನ್ನು ಕಂಡ ಬ್ಯಾಂಡ್ ರೋಗಿಗಳು ತಮ್ಮ ಹೆಚ್ಚುವರಿ ತೂಕದ ಶೇ. 50ರಷ್ಟನ್ನು ಕಳೆದುಕೊಂಡಿದ್ದರು. ಅಷ್ಟು ಹೋಗದವರು ಶೇ. 42. ಬೈಪಾಸ್ ಎಂಬ ಇನ್ನೊಂದು ಬಗೆಯ ತೂಕದ ಆಪರೇಷನ್ ಮಾಡಿಸಿಕೊಂಡವರಲ್ಲಿ ಇಂಥ ವ್ಯತ್ಯಾಸ ಕಾಣಲಿಲ್ಲ. ಬ್ಯಾಂಡಿಗೆ ಮಾತ್ರ ಆರೈಕೆಯೇ ಅರ್ಧ ಚಿಕಿತ್ಸೆ.

ರಾಮದುರ್ಗದಿಂದ ಬೆಳಗಾವಿ ನೂರು ಕಿಲೋಮೀಟರಿನ ಆಸುಪಾಸು. ಪುಣೆ, ಬೆಂಗಳೂರು ಇನ್ನೂ ದೂರ. ಕಬ್ಬು ಕಡಿಯುವ ಹಂಗಾಮಿನಲ್ಲಿ, ಮಗಳ ಹೆರಿಗೆಯ ತಿಂಗಳಲ್ಲಿ ಯಾರು ಹೋಗುತ್ತಾರೆ? ಈ ಪ್ರಶ್ನೆಯನ್ನು ಆಪರೇಷನ್ನಿಗೆ ಮುಂಚೆಯೇ ಕೇಳಿಕೊಳ್ಳಬೇಕಿತ್ತೆಂಬುದು ನನ್ನ ಖಚಿತ ಅಭಿಪ್ರಾಯ. ಪದೇ ಪದೇ ಹೋಗಲಾಗದ ಊರಿನವರಿಗೆ ಬ್ಯಾಂಡ್ ತಕ್ಕ ಆಯ್ಕೆಯಲ್ಲ. ಜಗತ್ತೂ ಅತ್ತಲೇ ಸಾಗಿದೆ: ಅಮೆರಿಕದಲ್ಲಿ 2011ರ ತೂಕದ ಆಪರೇಷನ್‌ಗಳಲ್ಲಿ ಬ್ಯಾಂಡಿನ ಪಾಲು ಸುಮಾರು ಶೇ. 35 ಇತ್ತು, 2018ಕ್ಕೆ ಶೇ. 1ರ ಆಸುಪಾಸಿಗೆ ಇಳಿಯಿತು. ಬೆಲ್ಜಿಯಂನಲ್ಲಿ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಗಮನಿಸಿದ ರೋಗಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬ್ಯಾಂಡ್ ತೆಗೆಸಬೇಕಾಯಿತೆಂದು 2011ರಲ್ಲಿ ವರದಿಯಾಯಿತು. ಆದರೆ ಈಗಾಗಲೇ ಹಾಕಿಸಿಕೊಂಡು, ಹಸಿರು ವಲಯದಲ್ಲಿ ಚೆನ್ನಾಗಿರುವವರು ಇದನ್ನೋದಿ ಹೆದರಿ ತೆಗೆಸಲು ಓಡಬೇಕಿಲ್ಲ.

"ತೂಕದ ಆಪರೇಷನ್ ಅಂದ್ರ ಎಲ್ಲಾ ಒಂದ"

ಸ್ಲೀವ್ ಎಂದರೆ ಜಠರದ ಬಹುಪಾಲನ್ನು ಕತ್ತರಿಸಿ ತೆಗೆಯುವುದು. ಅದರಲ್ಲಿ ಬಿಗಿ ಸಡಿಲ ಮಾಡುವಂಥದ್ದೇನಿಲ್ಲ. ಬೈಪಾಸಿನಲ್ಲೂ ಇಲ್ಲ. ಇನ್ನು ಕೊಬ್ಬು ಹೀರಿ ತೆಗೆಯುವ ಲೈಪೊಸಕ್ಷನ್ ಈ ಗುಂಪಿಗೆ ಸೇರಿದ್ದೇ ಅಲ್ಲ, ಅದು ಆಕಾರ ತಿದ್ದುವ ಸೌಂದರ್ಯ ಚಿಕಿತ್ಸೆ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಚಿಕಿತ್ಸೆಯ ಬೆನ್ನಿಗೇ ತೀರಿಕೊಂಡಾಗ, "ತೂಕದ ಆಪರೇಷನ್‌ನಿಂದ ಸತ್ತರು" ಎಂದು ಮಾತಾಡಿಕೊಂಡವರು ಎಷ್ಟೋ ಮಂದಿ. ಇಪ್ಪತ್ತೊಂದರ ಆ ಹುಡುಗಿಯ ಸಾವು ಎಲ್ಲರಿಗೂ ನೋವು ತಂದಿತು. ಆದರೆ ಅದು ಬ್ಯಾಂಡಿಗಾಗಲಿ ಸ್ಲೀವಿಗಾಗಲಿ ಸಂಬಂಧಿಸಿದ್ದಲ್ಲ.

"ಯಾವ ಸೂಜಿ ಆದ್ರೇನು, ಇಲ್ಲೇ ತಗಸ್ರಿ"

ಪೋರ್ಟಿಗೆ ಚುಚ್ಚಬೇಕಾದದ್ದು ಹ್ಯೂಬರ್ ಸೂಜಿ. ಅದರ ತುದಿ ಬಾಗಿದ್ದು, ಪೋರ್ಟಿನ ರಬ್ಬರಿನಂಥ ಮುಚ್ಚಳವನ್ನು ಕೊರೆಯದೆ ಸೀಳಿ ಹೋಗುತ್ತದೆ, ಹೊರತೆಗೆದ ಮೇಲೆ ಸೀಳು ಕೂಡಿಕೊಳ್ಳುತ್ತದೆ. ಇಂಜೆಕ್ಷನ್ನಿನ ಸಾದಾ ಸೂಜಿ ಅಲ್ಲಿಂದ ಚೂರು ಕೊರೆದುಕೊಂಡೇ ಬರುತ್ತದೆ, ಆಮೇಲೆ ಪೋರ್ಟ್ ಸೋರುತ್ತದೆ. ಕ್ಯಾನ್ಸರ್ ರೋಗಿಗಳ ಕೀಮೊ ಪೋರ್ಟಿಗೂ ಹ್ಯೂಬರ್ ಸೂಜಿಯೇ ಬೇಕು. ಹಾಗಾಗಿ ಬ್ಯಾಂಡ್ ಹಾಕದ ಆಸ್ಪತ್ರೆಯಲ್ಲೂ ಕ್ಯಾನ್ಸರ್ ವಿಭಾಗವಿದ್ದರೆ ಅದು ಸಿಗುವ ಸಾಧ್ಯತೆ ಹೆಚ್ಚು. ಕೆಲಸ ದೊಡ್ಡದಲ್ಲ: ಮಲಗಿಸಿ, ತಲೆ ಎತ್ತಿಸಿ ಹೊಟ್ಟೆ ಬಿಗಿಯಾದಾಗ ಪೋರ್ಟನ್ನು ಬೆರಳಿನಿಂದ ಗುರುತಿಸಿ, ಚರ್ಮ ಶುಚಿಮಾಡಿ ಚುಚ್ಚುತ್ತಾರೆ. ತುಂಬಿದ ಮೇಲೆ ಎದ್ದು ಕೂತು ಒಂದು ಲೋಟ ನೀರು ಗುಟುಕರಿಸಬೇಕು. ನೀರು ಸರಾಗವಾಗಿ ಇಳಿಯದಿದ್ದರೆ ಅಲ್ಲೇ ತುಸು ತೆಗೆಸಿಕೊಳ್ಳಿ. ಬಸ್ಸಿಗೆ ಹೊತ್ತಾಯಿತೆಂದು ಈ ಪರೀಕ್ಷೆ ಬಿಟ್ಟು ಬಂದವರು ರಾತ್ರಿ ಊರು ಮುಟ್ಟಿ ಒದ್ದಾಡುತ್ತಾರೆ.

ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗುವ ರೂಢಿ ನಮ್ಮಲ್ಲಿ ಬಹಳ. ಬ್ಯಾಂಡ್ ಇರುವವರು ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು, ಬ್ಯಾಂಡ್ ಒತ್ತುವ ಜಾಗದಲ್ಲಿ ಹುಣ್ಣಾಗಬಹುದು. ಬಸಿರಾದರೆ ತಕ್ಷಣ ತಿಳಿಸಿ, ವಾಂತಿ ಹೆಚ್ಚಿದ್ದರೆ ಬ್ಯಾಂಡ್ ಸಡಿಲಿಸಬೇಕಾಗುತ್ತದೆ.

ತಾಲ್ಲೂಕಿನ ವೈದ್ಯರಿಗೂ ಒಂದು ಮಾತು. ಬ್ಯಾಂಡ್ ಇರುವವರು ವಾರಗಟ್ಟಲೆ ವಾಂತಿ ಮಾಡಿಕೊಂಡು ಸೋತು ಬಂದರೆ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬರಿದಾಗಿರಬಹುದು. ಅಂಥವರಿಗೆ ಬರೀ ಗ್ಲೂಕೋಸ್ ಹಚ್ಚಿದರೆ ಮಿದುಳಿಗೇ ಪೆಟ್ಟು ಬೀಳುವ ಅಪಾಯವಿದೆ. ಮೊದಲು ಥಯಾಮಿನ್ ಚುಚ್ಚುಮದ್ದು, ಆಮೇಲೆ ಗ್ಲೂಕೋಸ್.

ಬ್ಯಾಂಡ್ ಇರುವವರು ಇವತ್ತೇ ಒಂದು ಚೀಟಿ ಮಾಡಿ ಪಾಕೀಟಿನಲ್ಲಿಡಿ: ಬ್ಯಾಂಡಿನ ಕಂಪನಿ ಮತ್ತು ಅಳತೆ, ಹಾಕಿದ ವರ್ಷ, ಈಗ ಒಳಗಿರುವ ಸಲೈನ್ ಎಷ್ಟು ಎಂಎಲ್, ಸರ್ಜನ್ ಫೋನ್ ನಂಬರು. ಬೆಳಗಾವಿ, ಹುಬ್ಬಳ್ಳಿ, ಧಾರವಾಡದಲ್ಲಿ ನಿಮಗೆ ಹತ್ತಿರವಾಗುವ ದೊಡ್ಡ ಆಸ್ಪತ್ರೆಗೆ ಆರಾಮಾಗಿರುವಾಗಲೇ ಫೋನ್ ಮಾಡಿ, ಹ್ಯೂಬರ್ ಸೂಜಿ ಮತ್ತು ಬ್ಯಾಂಡ್ ಸಡಿಲಿಸಬಲ್ಲ ಸರ್ಜನ್ ಇದ್ದಾರೆಯೇ ಎಂದು ಕೇಳಿ ಬರೆದಿಟ್ಟುಕೊಳ್ಳಿ. ನೀರೂ ಇಳಿಯದಿದ್ದರೆ, ಉಗುಳು ನುಂಗಲಾಗದಿದ್ದರೆ, ವಾಂತಿಯ ಜೊತೆ ಹೊಟ್ಟೆಯಲ್ಲಿ ತೀವ್ರ ನೋವಿದ್ದರೆ ಅದು ಬ್ಯಾಂಡ್ ಜಾರಿದ ಲಕ್ಷಣವೂ ಆಗಿರಬಹುದು. ಬೆಳಗಾಗುವವರೆಗೆ ಕಾಯದೆ, ಆ ಹೊತ್ತಿಗೇ ಗಾಡಿ ಮಾಡಿಕೊಂಡು ಹೊರಡಿ.