ಗುಲಗಂಜಿ ತೂಕದ ಮೇಲೆ ಆರುನೂರು ಕೋಟಿ

ಏಳು ಕೋಟಿ ಹತ್ತು ಲಕ್ಷ ಔನ್ಸ್! ಇಂಡೊನೇಷ್ಯಾದ ಬೋರ್ನಿಯೊ ಕಾಡಿನ ಬುಸಾಂಗ್‌ನಲ್ಲಿ ಇಷ್ಟು ಚಿನ್ನ ಇದೆ ಎಂದು ಕೆನಡಾದ ಬ್ರೀ-ಎಕ್ಸ್ ಎಂಬ ಕಂಪನಿ 1997ರ ಫೆಬ್ರುವರಿಯಲ್ಲಿ ಸಾರಿತು. ಟನ್ನಿನ ಲೆಕ್ಕದಲ್ಲಿ 2,200ಕ್ಕೂ ಹೆಚ್ಚು. ನಮ್ಮ ಕೋಲಾರದ ಗಣಿಗಳು ನೂರಿಪ್ಪತ್ತು ವರ್ಷ ದುಡಿದು, ಮೂರು ಕಿಲೋಮೀಟರ್ ಆಳಕ್ಕಿಳಿದು ಮೇಲೆತ್ತಿದ್ದೇ ಸುಮಾರು 800 ಟನ್. ಬ್ರೀ-ಎಕ್ಸ್ ಅದನ್ನು ಎರಡೂವರೆ ಪಟ್ಟಿಗೂ ಮೀರಿಸಲು ತೆಗೆದುಕೊಂಡಿದ್ದು ನಾಲ್ಕೇ ವರ್ಷ, ಅದೂ ಒಂದು ಗಣಿಯನ್ನೂ ತೋಡದೆ.

1993ರಲ್ಲಿ ಚಿಲ್ಲರೆ ಸೆಂಟ್‌ಗಳಿಗೆ ಸಿಗುತ್ತಿದ್ದ ಅದರ ಷೇರು, 1996ರಲ್ಲಿ, ವಿಭಜನೆಗೆ ಮುಂಚಿನ ಲೆಕ್ಕದಲ್ಲಿ, 286.50 ಕೆನಡಾ ಡಾಲರ್ ಮುಟ್ಟಿತು. ಇಡೀ ಕಂಪನಿಯ ಬೆಲೆ 600 ಕೋಟಿ ಡಾಲರ್ ದಾಟಿತು. ಪಿಂಚಣಿ ನಿಧಿಗಳೂ ಮುಗಿಬಿದ್ದು ಕೊಂಡವು.

ಇಷ್ಟಕ್ಕೆಲ್ಲ ಆಧಾರ ಬೋರ್ ಕೊರೆದಾಗ ಬರುವ ಕಲ್ಲಿನ ದಿಂಡು. ಅದಕ್ಕೆ ಕೋರ್ ಎನ್ನುತ್ತಾರೆ. ಸಾಮಾನ್ಯ ಅಳತೆಯ ಕೋರ್‌ನ ಅಡ್ಡಗಲ 47.6 ಮಿಲಿಮೀಟರ್, ಮೀಟರ್ ಉದ್ದದ ತುಂಡು ಐದು ಕಿಲೋಗೆ ಸ್ವಲ್ಪ ಕಡಿಮೆ ತೂಗುತ್ತದೆ. ನೂರು ಮೀಟರಿಗೊಂದರಂತೆ ಕೊರೆದರೆ, ಕೈಗೆ ಸಿಗುವ ಕಲ್ಲು ಆ ನೆಲದ 56 ಲಕ್ಷದಲ್ಲಿ ಒಂದು ಪಾಲು. ಉಳಿದದ್ದೆಲ್ಲ ಊಹೆ. ತರಬೇತಾದ ಭೂವಿಜ್ಞಾನಿಗಳ ಊಹೆಯೇ, ಆದರೂ ಊಹೆ.

ಈಗ ತಕ್ಕಡಿ ಹಿಡಿಯೋಣ. ಟನ್ನಿಗೆ ಎರಡು ಗ್ರಾಂ ಚಿನ್ನವಿದ್ದರೆ ಬಯಲು ಗಣಿಗೆ ಒಳ್ಳೆಯ ಅದಿರು. ಹಾಗಾದರೆ ಮೀಟರ್ ಕೋರ್‌ನಲ್ಲಿ ಇರಬೇಕಾದ ಚಿನ್ನ ಎಷ್ಟು? ಹತ್ತು ಮಿಲಿಗ್ರಾಂ ಕೂಡ ಇಲ್ಲ. ಅಕ್ಕಸಾಲಿಗರ ಗುಲಗಂಜಿ ತೂಕದ ಸುಮಾರು ಹನ್ನೆರಡರಲ್ಲಿ ಒಂದು ಪಾಲು. ಅಂದಿನ ದರದಲ್ಲಿ 12 ಅಮೆರಿಕನ್ ಸೆಂಟ್. ಬರಡು ಕಲ್ಲಿನ ಪುಡಿಗೆ ಇಷ್ಟು ಬೆರೆಸಿದರೆ ಸಾಕು, ಪ್ರಯೋಗಾಲಯ ಪ್ರಾಮಾಣಿಕವಾಗಿಯೇ ಚಿನ್ನ ಇದೆ ಎನ್ನುತ್ತದೆ!

ಬುಸಾಂಗ್‌ನಲ್ಲಿ ಆದದ್ದೂ ಇದೇ. ಕೋರ್ ಅನ್ನು ಉದ್ದಕ್ಕೆ ಸೀಳಿ ಅರ್ಧವನ್ನು ಮರುಪರೀಕ್ಷೆಗೆಂದು ಪೆಟ್ಟಿಗೆಯಲ್ಲಿ ಕಾಪಿಡುವುದು ವಾಡಿಕೆ. ಅಲ್ಲಿ ಹೆಚ್ಚುಕಡಿಮೆ ಪೂರ್ತಿ ಪುಡಿಮಾಡುತ್ತಿದ್ದರು. ಪಾಲುದಾರನಾಗಬೇಕಿದ್ದ ಫ್ರೀಪೋರ್ಟ್ ಕಂಪನಿ ಅದೇ ಗುಂಡಿಗಳ ಪಕ್ಕದಲ್ಲಿ ತಾನೇ ಕೊರೆದು ನೋಡಿತು. ಚಿನ್ನ ನಗಣ್ಯ ಎಂದು 1997ರ ಮಾರ್ಚ್ 26ರಂದು ಸುದ್ದಿ ಹೊರಬಿತ್ತು. ಮರುದಿನ ಒಂದೇ ದಿನದಲ್ಲಿ ಬ್ರೀ-ಎಕ್ಸ್ ಷೇರು ಶೇ. 80ಕ್ಕೂ ಹೆಚ್ಚು ಕುಸಿಯಿತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬ್ರೀ-ಎಕ್ಸ್ ಮಾದರಿಗಳಲ್ಲಿದ್ದ ಚಿನ್ನದ ಕಣಗಳು ಅಂಚು ಸವೆದು ದುಂಡಾಗಿದ್ದವು. ಬಂಡೆಯೊಳಗೆ ಹುಟ್ಟಿದಲ್ಲೇ ಉಳಿದ ಕಣ ಹಾಗಿರುವುದಿಲ್ಲ. ಅದು ನದಿಯಲ್ಲಿ ಉರುಳಿ ಬಂದ ಚಿನ್ನ.

ಮೋಸವೇ ಇಲ್ಲದ ಕಡೆಯೂ ಔನ್ಸ್ ಲೆಕ್ಕ ಕಣ್ಣು ಕಟ್ಟುತ್ತದೆ. ಒಂದು ಕಂಪನಿ ಹತ್ತು ಲಕ್ಷ ಔನ್ಸ್ ಇದೆ ಎನ್ನಲಿ, ಅದಿರು ಟನ್ನಿಗೆ ಒಂದು ಗ್ರಾಂ ಇರಲಿ. ಅಗೆಯಬೇಕಾದ ಅದಿರು ಮೂರು ಕೋಟಿ ಟನ್ನಿಗೂ ಮೇಲೆ. ಪ್ರತಿ ಟನ್ನಿಗೆ ಮೂರು ಟನ್ ನಿರುಪಯೋಗಿ ಕಲ್ಲು ಸರಿಸಬೇಕಾದರೆ ಒಟ್ಟು ಹನ್ನೆರಡು ಕೋಟಿ ಟನ್: ಹತ್ತು ಟನ್ ಲಾರಿಗಳಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಲೋಡು. ಇದಕ್ಕೇ ನೆಲದೊಳಗಿನ ಔನ್ಸಿಗೆ ಪೇಟೆ ದರದ ಸಣ್ಣದೊಂದು ಪಾಲನ್ನಷ್ಟೇ ಕೊಡುವುದು. ಕಂಪನಿಯ ಒಟ್ಟು ಷೇರು ಗುಣಿಸು ಷೇರು ಬೆಲೆ, ಭಾಗಿಸು ಔನ್ಸ್: ಈ ಸಂಖ್ಯೆ ಅದೇ ಹಂತದ ಬೇರೆ ನಿಕ್ಷೇಪಗಳಿಗಿಂತ ಬಹಳ ಮೇಲಿದ್ದರೆ ಕಾರಣ ಕೇಳಬೇಕು. ಮುಂದೆ ಷೇರಾಗಬಲ್ಲ ವಾರಂಟ್, ಆಪ್ಷನ್‌ಗಳನ್ನೂ ಷೇರಿಗೆ ಸೇರಿಸಿಯೇ ಗುಣಿಸಬೇಕು. ಏಕೆಂದರೆ ಆದಾಯವಿಲ್ಲದ ಕಂಪನಿ ಮುಂದಿನ ಬೋರಿಗೆ ದುಡ್ಡು ತರುವುದೇ ಹೊಸ ಷೇರು ಮಾರಿ.

ಬುಸಾಂಗ್ ಪೆಟ್ಟು ತಿಂದ ಕೆನಡಾ 2001ರ ಫೆಬ್ರುವರಿಯಲ್ಲಿ ಹೊಸ ನಿಯಮ ತಂದಿತು. ಆ ನಿಯಮದ ಪ್ರಕಾರ ನಿಕ್ಷೇಪದ ಲೆಕ್ಕಕ್ಕೆ ಅರ್ಹ ತಜ್ಞರು ಹೊಣೆ ಹೊರಬೇಕು. ದೂರ ದೂರದ ಗುಂಡಿಗಳಿಂದ ಊಹಿಸಿದ ‘ಇನ್ಫರ್ಡ್’ ಔನ್ಸ್‌ಗಳನ್ನು ಗಟ್ಟಿ ಲೆಕ್ಕದ ಔನ್ಸ್‌ಗಳ ಜೊತೆ ಕೂಡಿಸಿ ಒಂದೇ ಮೊತ್ತವಾಗಿ ತೋರಿಸುವಂತಿಲ್ಲ. ಹೀಗಾಗಿ ಪ್ರಕಟಣೆಯ ತಲೆಬರಹ ಬಿಟ್ಟು ನಾನು ಮೊದಲು ಹುಡುಕುವುದು ಬೇರೆಯಾಗಿ ತೋರಿಸಿದ ಈ ‘ಇನ್ಫರ್ಡ್’ ಸಾಲನ್ನೇ.